ವಿದೇಶದ ದುಡಿಮೆ ಮುಗಿಸಿ ಊರಿಗೆ ಬಂದವರಿಗೆ ಯಾವ ಆರೋಗ್ಯ ವಿಮೆ ಸರಿ?

ದುಬೈ, ಕುವೈತ್, ದಮಾಮ್ ಕಡೆ ಇಪ್ಪತ್ತು ಮೂವತ್ತು ವರ್ಷ ದುಡಿದು ಕುಂದಾಪುರಕ್ಕೋ ಪುತ್ತೂರಿಗೋ ವಾಪಸು ಬಂದವರಿಗೆ ಕಂಪನಿ ಕೊಟ್ಟಿದ್ದ ಆರೋಗ್ಯ ವಿಮೆ ಕೆಲಸದ ಜೊತೆಗೇ ಮುಗಿಯುತ್ತದೆ. ಅಮೆರಿಕದಿಂದ ಬಂದು ಮೈಸೂರಿನಲ್ಲಿ ನೆಲೆಸುವವರ ಕೈಯಲ್ಲಿ ಮೆಡಿಕೇರ್ (ಹಿರಿಯರಿಗೆ ಅಲ್ಲಿನ ಸರ್ಕಾರದ ಆರೋಗ್ಯ ವಿಮೆ) ಕಾರ್ಡ್ ಇರುತ್ತದೆ, ಆದರೆ ಅದು ಇಲ್ಲಿನ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ. ಇಬ್ಬರದ್ದೂ ಒಂದೇ ಪ್ರಶ್ನೆ. ಸರ್ಕಾರದ ಯೋಜನೆಗೆ ಹೆಸರು ಬರೆಸಿದರೆ ಸಾಕಾ? ಇಲ್ಲ, ದುಡ್ಡು ಕೊಟ್ಟು ಪಾಲಿಸಿ ತಗೊಳ್ಳಬೇಕಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಾಧ್ಯವಿದ್ದವರು ಎರಡನ್ನೂ ಇಟ್ಟುಕೊಳ್ಳಿ. ಸರ್ಕಾರಿ ಯೋಜನೆ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ಸಿಗುತ್ತದೆ, ಆದರೆ ಯಾವ ಆಸ್ಪತ್ರೆ ಅನ್ನುವುದು ಪೂರ್ತಿ ನಿಮ್ಮ ಕೈಯಲ್ಲಿ ಇರುವುದಿಲ್ಲ. ಪಾಲಿಸಿ ಇದ್ದರೆ ಆಸ್ಪತ್ರೆ ನಿಮ್ಮ ಆಯ್ಕೆ, ಆದರೆ ಈಗಾಗಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಊರಿಗೆ ಬಂದ ಮೇಲಿನ ಆ ಮೂರು ವರ್ಷವೇ ಕಷ್ಟದ ಕಾಲ. ಅದನ್ನು ಹೇಗೆ ದಾಟುತ್ತೀರಿ ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಮೊದಲು ನಿಮ್ಮ ಸ್ಥಿತಿ ನೋಡಿಕೊಳ್ಳಿ

ಆಧಾರ್‌ನಲ್ಲಿ ನಿಮ್ಮ ವಯಸ್ಸು ಎಷ್ಟಿದೆ? 70 ಇಲ್ಲಿ ದೊಡ್ಡ ಗಡಿ. ನಿಜವಾದ ವಯಸ್ಸು ಎಷ್ಟೇ ಇರಲಿ, ಲೆಕ್ಕಕ್ಕೆ ಬರುವುದು ಆಧಾರ್‌ನಲ್ಲಿರುವುದು. ಜನ್ಮ ದಿನಾಂಕ ತಪ್ಪಿದ್ದರೆ ಈಗಲೇ ಸರಿ ಮಾಡಿಸಿ.

ಪಾಸ್‌ಪೋರ್ಟ್ ಯಾವ ದೇಶದ್ದು? ಭಾರತದ್ದೇ ಆಗಿದ್ದರೆ ಊರಿಗೆ ಬಂದ ಕೂಡಲೇ ಆಧಾರ್‌ಗೆ ಅರ್ಜಿ ಹಾಕಬಹುದು. 182 ದಿನ ಕಾಯಬೇಕು ಅನ್ನುವ ನಿಯಮ ಎನ್‌ಆರ್‌ಐಗಳಿಗೆ ಈಗ ಇಲ್ಲ. ಒಸಿಐ ಕಾರ್ಡ್ (ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇರುವವರಿಗೆ ಮಾತ್ರ ಅದು ಇದೆ. ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ಇದ್ದಿರಬೇಕು. ಒಸಿಐ ಅಂದರೆ ಪೌರತ್ವ ಅಲ್ಲ. ಹಾಗಾಗಿ ಒಸಿಐ ಇರುವವರು ಸರ್ಕಾರಿ ಯೋಜನೆಯನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ. ನಿಮಗೆ ಪಾಲಿಸಿಯೇ ಮುಖ್ಯ ದಾರಿ.

ಮನೆಯ ರೇಷನ್ ಕಾರ್ಡ್ ಬಿಪಿಎಲ್ಲೋ ಎಪಿಎಲ್ಲೋ? ಅದರಲ್ಲಿ ನಿಮ್ಮ ಹೆಸರು ಇದೆಯಾ? ಎಷ್ಟೋ ಮನೆಗಳಲ್ಲಿ ಹೊರಗೆ ಹೋದವರ ಹೆಸರು ಬಿಟ್ಟುಹೋಗಿರುತ್ತದೆ.

ಈಗಾಗಲೇ ಯಾವ ಕಾಯಿಲೆ ಇದೆ? ಶುಗರ್, ಬಿಪಿ, ಹೃದಯಕ್ಕೆ ಹಾಕಿದ ಸ್ಟೆಂಟ್, ಕಿಡ್ನಿ ತೊಂದರೆ, ಎಲ್ಲವನ್ನೂ ಬರೆದುಕೊಳ್ಳಿ. ಕಷ್ಟ ಬಂದರೆ ಯಾವ ಆಸ್ಪತ್ರೆಗೆ ಹೋಗುತ್ತೀರಿ, ಅದು ಮನೆಯಿಂದ ಎಷ್ಟು ದೂರ ಅನ್ನುವುದನ್ನೂ ಪಕ್ಕದಲ್ಲೇ ಬರೆಯಿರಿ. ಕೊನೆಯದು ದುಡ್ಡು. ಈ ವರ್ಷ ಎಷ್ಟು ಕಟ್ಟಬಲ್ಲಿರಿ ಅನ್ನುವುದಕ್ಕಿಂತ 80ನೇ ವಯಸ್ಸಿನಲ್ಲಿ ಎಷ್ಟು ಕಟ್ಟಬಲ್ಲಿರಿ ಅಂತ ಕೇಳಿಕೊಳ್ಳಿ. ಪ್ರೀಮಿಯಂ ವಯಸ್ಸಿನ ಜೊತೆ ಏರುತ್ತದೆ, ನಿವೃತ್ತರ ಆದಾಯ ಏರುವುದಿಲ್ಲ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ

2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಮತ್ತು ಕೇಂದ್ರದ ಆಯುಷ್ಮಾನ್ ಭಾರತ್ ಒಂದಾದವು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಸರ್ಕಾರ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ತಾನು ಗೊತ್ತು ಮಾಡಿದ ದರದ, ಶೇ. 30 ಕೊಡುತ್ತದೆ, ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ. ಪ್ರೀಮಿಯಂ ಇಲ್ಲ. ಹಳೆಯ ಕಾಯಿಲೆ ಅಂತ ತಳ್ಳಿಹಾಕುವುದಿಲ್ಲ. ವಯಸ್ಸಿನ ಮಿತಿಯೂ ಇಲ್ಲ.

ಗಲ್ಫ್‌ಗೆ ಹೋದವರೆಲ್ಲ ಶ್ರೀಮಂತರಾಗಿ ಬರುವುದಿಲ್ಲ. ಡ್ರೈವರ್ ಆಗಿ, ಹೋಟೆಲ್ ಅಡುಗೆಯವರಾಗಿ ದುಡಿದು, ಮಕ್ಕಳ ಓದು, ಮದುವೆ, ಮನೆ ಸಾಲ ಎಲ್ಲ ತೀರಿಸಿ ಬರಿಗೈಲಿ ಬಂದವರು ತುಂಬಾ ಜನ. ನ್ಯಾಯವಾಗಿ ಬಿಪಿಎಲ್ ಕಾರ್ಡ್ ಇರುವ ಮನೆಯಾದರೆ ಇದಕ್ಕಿಂತ ಒಳ್ಳೆಯ ಆಸರೆ ಬೇರೆ ಇಲ್ಲ. ನಾಚಿಕೆ ಬಿಟ್ಟು ಮೊದಲು ಇದನ್ನು ಮಾಡಿಸಿ. ಆದರೆ ವರ್ಷಕ್ಕೆ 1.2 ಲಕ್ಷದ ಆದಾಯ ಮಿತಿ ಇದೆ, ಆದಾಯ ತೆರಿಗೆ ಕಟ್ಟುವವರು ಬರುವುದಿಲ್ಲ. ಸುಳ್ಳು ಲೆಕ್ಕ ಕೊಟ್ಟು ಕಾರ್ಡ್ ಮಾಡಿಸಬೇಡಿ. ಆಧಾರ್ ಮತ್ತು ಪ್ಯಾನ್ ಜೋಡಣೆಯಾದ ಮೇಲೆ ಅದು ಸುಲಭವಾಗಿ ಗೊತ್ತಾಗುತ್ತದೆ. ಕಾಯಿಲೆ ಬಿದ್ದ ಹೊತ್ತಿನಲ್ಲೇ ಕಾರ್ಡ್ ರದ್ದಾದರೆ ಏನು ಮಾಡುತ್ತೀರಿ?

ಎಪಿಎಲ್‌ನವರು ಲೆಕ್ಕ ಸರಿಯಾಗಿ ತಿಳಿದುಕೊಳ್ಳಿ. ಪ್ಯಾಕೇಜ್ ದರ 1 ಲಕ್ಷ ಇದ್ದರೆ ಸರ್ಕಾರದ್ದು 30 ಸಾವಿರ, ನಿಮ್ಮದು 70 ಸಾವಿರ. ಇದು ಸಹಾಯ, ಪೂರ್ತಿ ವಿಮೆ ಅಲ್ಲ. ಆದರೂ ಬಿಡಬೇಡಿ, ಬಿಡಿಗಾಸು ಖರ್ಚಿಲ್ಲದೆ ಸಿಗುವ ಸಹಾಯ ಅದು.

ಇದರ ದೊಡ್ಡ ಷರತ್ತು ರೆಫರಲ್ ಚೀಟಿ. ತುರ್ತು ಚಿಕಿತ್ಸೆ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರು ಬರೆದುಕೊಡುತ್ತಾರೆ, ಆಮೇಲೆ ನೋಂದಾಯಿತ ಖಾಸಗಿ ಆಸ್ಪತ್ರೆ. ವಿದೇಶದಲ್ಲಿ ಅಪಾಯಿಂಟ್‌ಮೆಂಟ್ ಹಿಡಿದು ಹೋಗಿ ಅಭ್ಯಾಸವಾದವರಿಗೆ ಈ ಸಾಲು, ಈ ಓಡಾಟ ಕಷ್ಟ ಅನ್ನಿಸಬಹುದು. ಜೊತೆಗೆ ಓಡಾಡಲು ಮನೆಯಲ್ಲಿ ಒಬ್ಬರು ಇದ್ದಾರಾ ಅಂತ ಯೋಚಿಸಿ. ಇದ್ದರೆ ಈ ದಾರಿ ಚೆನ್ನಾಗಿ ನಡೆಯುತ್ತದೆ. ಹೃದಯಕ್ಕೆ ಜಯದೇವ, ಕ್ಯಾನ್ಸರ್‌ಗೆ ಕಿದ್ವಾಯಿ, ಮಂಗಳೂರಿನ ಕಡೆಯವರಿಗೆ ವೆನ್ಲಾಕ್, ಇವೆಲ್ಲ ಸರ್ಕಾರದ ಕಡೆಯವೇ.

ಇನ್ನೊಂದು ಕೊರತೆ ಇದೆ. ಆಸ್ಪತ್ರೆಗೆ ದಾಖಲಾದರೆ ಮಾತ್ರ ಇದು ನಡೆಯುತ್ತದೆ. ತಿಂಗಳು ತಿಂಗಳು ನುಂಗುವ ಶುಗರ್, ಬಿಪಿ ಮಾತ್ರೆಗೆ ದುಡ್ಡು ಸಿಗುವುದಿಲ್ಲ. ಅದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಜನೌಷಧಿ ಅಂಗಡಿ ನೋಡಿ.

70 ದಾಟಿದವರಿಗೆ: ವಯ ವಂದನ

2024ರ ಅಕ್ಟೋಬರ್ 29ರಂದು ಆಯುಷ್ಮಾನ್ ಭಾರತ್ ಅನ್ನು 70 ತುಂಬಿದ ಎಲ್ಲರಿಗೂ ವಿಸ್ತರಿಸಿದರು. ಆದಾಯ ಕೇಳುವುದಿಲ್ಲ. ಎಪಿಎಲ್ಲೋ ಬಿಪಿಎಲ್ಲೋ ಅಂತಲೂ ನೋಡುವುದಿಲ್ಲ. ಆಧಾರ್ ಇದ್ದರೆ ವಯ ವಂದನ ಕಾರ್ಡ್ ಆಗುತ್ತದೆ. ವರ್ಷಕ್ಕೆ 5 ಲಕ್ಷ, ಗಂಡ ಹೆಂಡತಿ ಇಬ್ಬರಿಗೂ 70 ಆಗಿದ್ದರೆ ಇಬ್ಬರ ನಡುವೆ ಅದೇ 5 ಲಕ್ಷ. ಮನೆಗೆ ಮೊದಲೇ ಆಯುಷ್ಮಾನ್ ಇದ್ದರೆ ಹಿರಿಯರಿಗೆ ಇದು ಬೇರೆ 5 ಲಕ್ಷ. ಖಾಸಗಿ ಪಾಲಿಸಿ ಇರುವವರೂ ಇದನ್ನು ಮಾಡಿಸಬಹುದು. ಕೇಂದ್ರ ಸರ್ಕಾರಿ ನೌಕರರ ಸಿಜಿಎಚ್‌ಎಸ್, ಮಾಜಿ ಸೈನಿಕರ ಇಸಿಎಚ್‌ಎಸ್ ಇರುವವರು ಮಾತ್ರ ಎರಡರಲ್ಲಿ ಒಂದನ್ನು ಆರಿಸಬೇಕು.

ಕೇಳಲು ಬಹಳ ಚೆನ್ನಾಗಿದೆ, ಅಲ್ವಾ? ನಮ್ಮ ರಾಜ್ಯದಲ್ಲಿ ಒಂದು ಎಚ್ಚರಿಕೆ ಬೇಕು. ಖರ್ಚಿನಲ್ಲಿ ಕೇಂದ್ರದ ಪಾಲು ಸಾಲದು ಅಂತ ಕರ್ನಾಟಕ ಸರ್ಕಾರ ಮೊದಲಿನಿಂದ ತಕರಾರು ಎತ್ತಿತ್ತು. ಕಾರ್ಡ್ ಕೈಗೆ ಬಂದ ಮಾತ್ರಕ್ಕೆ ನೆಮ್ಮದಿಯಾಗಿ ಕೂರಬೇಡಿ. ನೀವು ಹೋಗಬೇಕೆಂದಿರುವ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ಆರೋಗ್ಯವಾಗಿ ಇರುವಾಗಲೇ ಕಾರ್ಡ್ ತೋರಿಸಿ, ‘ಇದರಲ್ಲಿ ಇಲ್ಲಿ ಅಡ್ಮಿಟ್ ಮಾಡ್ತೀರಾ? ರೆಫರಲ್ ಬೇಕಾ?’ ಅಂತ ಕೇಳಿ. ಸಹಾಯವಾಣಿ 14555ಕ್ಕೂ ಫೋನ್ ಮಾಡಿ. ಹೊರ ರಾಜ್ಯದಲ್ಲಿ ಮಕ್ಕಳ ಜೊತೆ ಇರುವವರು ಅಲ್ಲಿನ ಆಸ್ಪತ್ರೆಯಲ್ಲೂ ಕೇಳಿ, ಆಯುಷ್ಮಾನ್ ಕಾರ್ಡ್ ಒಂದೇ ರಾಜ್ಯಕ್ಕೆ ಕಟ್ಟಿಹಾಕಿದ್ದಲ್ಲ.

ಯಶಸ್ವಿನಿ: ಸಹಕಾರ ಸಂಘದ ಸದಸ್ಯರಿಗೆ

ಹೊರಗಿನಿಂದ ಬಂದವರು ಇದನ್ನು ಮರೆತೇಬಿಡುತ್ತಾರೆ. ಯಶಸ್ವಿನಿ 2003ರಲ್ಲಿ ಶುರುವಾಗಿ, ನಡುವೆ ನಿಂತು, 2022–23ರಲ್ಲಿ ಮತ್ತೆ ಬಂತು. ಸಹಕಾರ ಸಂಘದ ಸದಸ್ಯರ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಕ್ಯಾಶ್‌ಲೆಸ್ ಚಿಕಿತ್ಸೆ. ಮತ್ತೆ ಶುರುವಾದಾಗ ನಾಲ್ಕು ಜನರ ಕುಟುಂಬಕ್ಕೆ ಹಳ್ಳಿಯಲ್ಲಿ 500 ರೂಪಾಯಿ, ಪಟ್ಟಣದಲ್ಲಿ 1,000 ರೂಪಾಯಿ ವಂತಿಗೆ ಇಟ್ಟರು.

ತೋಟ, ಗದ್ದೆ ಇರುವವರು ಊರಿನ ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿ ಸದಸ್ಯತ್ವ ಕೇಳಿ. ಡೈರಿಗೆ ಹಾಲು ಹಾಕುವ ಮನೆಯಾದರೆ ಇನ್ನೂ ಸುಲಭ. ಪಟ್ಟಣದವರು ಪತ್ತಿನ ಸಹಕಾರ ಸಂಘ ನೋಡಬಹುದು. ಇಲ್ಲಿ ಮುಖ್ಯವಾದ್ದು ಸಮಯ. ನೋಂದಣಿ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ತೆರೆದಿರುತ್ತದೆ, ಮತ್ತು ಅದಕ್ಕೆ ಸ್ವಲ್ಪ ಮೊದಲೇ ನೀವು ಸದಸ್ಯರಾಗಿರಬೇಕು. ಊರಿಗೆ ಬಂದ ವಾರದಲ್ಲೇ ಸಂಘದ ಕಾರ್ಯದರ್ಶಿಯನ್ನು ಕಾಣಿ. ತಪ್ಪಿದರೆ ಒಂದು ವರ್ಷ ಹೋಯಿತು. 70 ಆಗದ, ಬಿಪಿಎಲ್ಲೂ ಅಲ್ಲದ, ಹಳ್ಳಿಯಲ್ಲಿ ನೆಲೆಸುವ ಮಧ್ಯಮ ವರ್ಗದವರಿಗೆ ಕೊಟ್ಟ ದುಡ್ಡಿಗೆ ಇಷ್ಟು ಸಿಗುವ ಯೋಜನೆ ಬೇರೆ ಇಲ್ಲ ಅಂತ ನನಗನ್ನಿಸುತ್ತದೆ.

ದುಡ್ಡು ಕೊಟ್ಟು ತಗೊಳ್ಳುವ ಪಾಲಿಸಿ

ಇಲ್ಲಿ ನಿಯಮಗಳು ಇತ್ತೀಚೆಗೆ ಹಿರಿಯರ ಪರವಾಗಿ ಬದಲಾಗಿವೆ. ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಏಪ್ರಿಲ್‌ನಿಂದ 65ರ ವಯೋಮಿತಿ ತೆಗೆದುಹಾಕಿತು. ಹಳೆಯ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ 48 ತಿಂಗಳಿದ್ದದ್ದು 36 ತಿಂಗಳಿಗೆ ಇಳಿಯಿತು. ಐದು ವರ್ಷ ಬಿಡದೆ ಪ್ರೀಮಿಯಂ ಕಟ್ಟಿದ ಮೇಲೆ, ಮೋಸ ಅಂತ ಸಾಬೀತಾಗದ ಹೊರತು, ‘ಕಾಯಿಲೆ ಮುಚ್ಚಿಟ್ಟಿದ್ದೀರಿ’ ಅಂತ ಕ್ಲೇಮ್ ತಿರಸ್ಕರಿಸುವ ಹಾಗಿಲ್ಲ. 2025ರ ಜನವರಿಯಿಂದ ಹಿರಿಯರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ. 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ಕಂಪನಿ ಮೊದಲು ಪ್ರಾಧಿಕಾರದ ಜೊತೆ ಮಾತಾಡಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗೆ ಶೇ. 18ರ ಜಿಎಸ್‌ಟಿ ಇಲ್ಲ.

ಆದರೂ 60 ದಾಟಿದವರಿಗೆ ಪ್ರೀಮಿಯಂ ವರ್ಷಕ್ಕೆ ಹತ್ತಾರು ಸಾವಿರ ಆಗುತ್ತದೆ. ಕಂಪನಿ ಅರ್ಜಿಯನ್ನು ಬೇಡ ಅನ್ನಲೂಬಹುದು. ವಯೋಮಿತಿ ಹೋಯಿತು ಅಂದರೆ ಎಲ್ಲರಿಗೂ ಕೊಡಲೇಬೇಕು ಅಂತ ಅರ್ಥ ಅಲ್ಲ.

ಇನ್ನೂ ವಿದೇಶದಲ್ಲೇ ಇರುವವರು ಈ ಮಾತನ್ನು ದಯವಿಟ್ಟು ಗಮನವಿಟ್ಟು ಓದಿ. ಅಲ್ಲಿ ಮೂವತ್ತು ವರ್ಷ ವಿಮೆ ಇದ್ದರೂ ಇಲ್ಲಿ ಅದು ಲೆಕ್ಕಕ್ಕಿಲ್ಲ. ಒಂದು ಕಂಪನಿಯಿಂದ ಇನ್ನೊಂದಕ್ಕೆ ಪಾಲಿಸಿ ಬದಲಿಸುವ ಪೋರ್ಟಬಿಲಿಟಿ ಭಾರತದ ಕಂಪನಿಗಳ ನಡುವೆ ಮಾತ್ರ. ಊರಿಗೆ ಬಂದ ಮೇಲೆ ಪಾಲಿಸಿ ತಗೊಂಡರೆ ಕಾಯುವ ಅವಧಿ ಆ ದಿನದಿಂದ ಶುರು. ಎನ್‌ಆರ್‌ಐ ಆಗಿದ್ದಾಗಲೇ ಇಲ್ಲಿನ ಪಾಲಿಸಿ ತಗೊಳ್ಳಬಹುದು. ಹಿಂತಿರುಗುವ ಮೂರು ವರ್ಷ ಮೊದಲು ತಗೊಂಡರೆ ನೀವು ಅಲ್ಲಿ ದುಡಿಯುತ್ತಿರುವಾಗಲೇ ಇಲ್ಲಿ ಕಾಯುವ ಅವಧಿ ಕಳೆದುಹೋಗುತ್ತದೆ. ರಜೆಗೆ ಬಂದಾಗ ವೈದ್ಯಕೀಯ ಪರೀಕ್ಷೆ ಮುಗಿಸಿ, ಊರಿನ ವಿಳಾಸ ಕೊಟ್ಟು, ಪಾಲಿಸಿ ಮಾಡಿಸಿ. ‘ಬಳಸದ ಪಾಲಿಸಿಗೆ ಸುಮ್ನೆ ದುಡ್ಡು ಯಾಕೆ’ ಅನ್ನುತ್ತಾರೆ ಜನ. ಆ ದುಡ್ಡು ಕಾಯುವ ಅವಧಿ ದಾಟಲು ಕೊಡುವ ದುಡ್ಡು. ನನ್ನ ದೃಷ್ಟಿಯಲ್ಲಿ ಇಡೀ ವಿಷಯದಲ್ಲಿ ಇದಕ್ಕಿಂತ ಬೆಲೆಬಾಳುವ ನಿರ್ಧಾರ ಇಲ್ಲ.

ಅರ್ಜಿಯಲ್ಲಿ ಶುಗರ್, ಬಿಪಿ, ಹಳೆಯ ಆಪರೇಷನ್ ಯಾವುದನ್ನೂ ಮುಚ್ಚಿಡಬೇಡಿ. ‘ಬರೆಯೋದು ಬೇಡ ಬಿಡಿ, ನಾನು ನೋಡ್ಕೊಳ್ತೀನಿ’ ಅನ್ನುವ ಏಜೆಂಟ್ ಇದ್ದರೆ ಬೇರೆಯವರನ್ನು ಹುಡುಕಿ. ಕ್ಲೇಮ್ ಬಂದಾಗ ಕಂಪನಿ ಕೇಳುವುದು ನಿಮ್ಮನ್ನು. ವಿದೇಶದ ಡಿಸ್ಚಾರ್ಜ್ ಸಾರಾಂಶ, ಟೆಸ್ಟ್ ವರದಿ ಎಲ್ಲವನ್ನೂ ತನ್ನಿ. ಅರೇಬಿಕ್‌ನಲ್ಲಿದ್ದರೆ ಅಲ್ಲೇ ಇಂಗ್ಲಿಷ್‌ನಲ್ಲಿ ಮಾಡಿಸಿಕೊಂಡು ಬನ್ನಿ.

ಪಾಲಿಸಿ ಹೋಲಿಸುವಾಗ ಪ್ರೀಮಿಯಂ ಒಂದನ್ನೇ ನೋಡಬೇಡಿ. ಕೋ-ಪೇ ಶೇ. 20 ಅಂದರೆ 5 ಲಕ್ಷದ ಬಿಲ್ಲಿನಲ್ಲಿ 1 ಲಕ್ಷ ನಿಮ್ಮದು. ರೂಮ್ ಬಾಡಿಗೆಯ ಮಿತಿ ಇನ್ನೂ ಅಪಾಯ. ದಿನಕ್ಕೆ 5,000 ಮಿತಿ ಇದ್ದು ನೀವು 10,000ದ ರೂಮ್ ಹಿಡಿದರೆ ಬಾಡಿಗೆಯಲ್ಲಷ್ಟೇ ಕಡಿತ ಆಗುವುದಿಲ್ಲ, ಡಾಕ್ಟರ್ ಫೀಸು, ಆಪರೇಷನ್ ಖರ್ಚಿನಲ್ಲೂ ಅದೇ ಪ್ರಮಾಣದಲ್ಲಿ ಕಡಿತ ಆಗಬಹುದು. ಕಣ್ಣಿನ ಪೊರೆ, ಹರ್ನಿಯಾ ಇಂಥವಕ್ಕೆ ಸಾಮಾನ್ಯವಾಗಿ 2 ವರ್ಷ ಕಾಯಬೇಕು. ಪೊರೆ ಬರುವುದೇ ಈ ವಯಸ್ಸಿನಲ್ಲಿ, ಹಾಗಾಗಿ ಇದನ್ನು ನೋಡದೆ ಸಹಿ ಹಾಕಬೇಡಿ.

ಬಜೆಟ್ ಕಡಿಮೆ ಇದ್ದರೆ ‘ಆರೋಗ್ಯ ಸಂಜೀವನಿ’ ಅನ್ನುವ ಪಾಲಿಸಿ ಕೇಳಿ. 2020ರಿಂದ ಎಲ್ಲ ಕಂಪನಿಗಳೂ ಇದನ್ನು ಒಂದೇ ಷರತ್ತಿನಲ್ಲಿ ಮಾರಬೇಕು, ಹಾಗಾಗಿ ಹೋಲಿಸುವುದು ಸುಲಭ. ಶೇ. 5 ಕೋ-ಪೇ ಇದೆ, ರೂಮ್ ಬಾಡಿಗೆಗೆ ಮಿತಿ ಇದೆ. ಜಿಲ್ಲಾ ಕೇಂದ್ರದ ಆಸ್ಪತ್ರೆಗಳ ದರಕ್ಕೆ ಸಾಕಾಗುತ್ತದೆ, ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಸಾಲದು. ಕ್ಲೇಮ್‌ನಲ್ಲಿ ಅನ್ಯಾಯವಾದರೆ ಮೊದಲು ಕಂಪನಿಗೆ ಬರೆದು ದೂರು ಕೊಡಿ. ಅಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನಲ್ಲೇ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. ದೂರಿಗೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.

ಮಕ್ಕಳ ಕಂಪನಿಯ ವಿಮೆ

ಮಗನೋ ಮಗಳೋ ಬೆಂಗಳೂರಿನ ಕಂಪನಿಯಲ್ಲಿದ್ದು ಅಪ್ಪ ಅಮ್ಮನನ್ನು ಗುಂಪು ವಿಮೆಗೆ ಸೇರಿಸಲು ಅವಕಾಶ ಇದ್ದರೆ ಖಂಡಿತ ಸೇರಿ. ಹಳೆಯ ಕಾಯಿಲೆಗೆ ಮೊದಲ ದಿನದಿಂದ ರಕ್ಷಣೆ ಕೊಡುವ ಗುಂಪು ವಿಮೆಗಳು ಬೇಕಾದಷ್ಟಿವೆ. ಆದರೆ ಮಕ್ಕಳು ಕೆಲಸ ಬಿಟ್ಟ ದಿನ ಅದೂ ಹೋಗುತ್ತದೆ. ಆದ್ದರಿಂದ ಇದನ್ನು ಮೂರು ವರ್ಷ ದಾಟಲು ಬಳಸಿ, ಪಕ್ಕದಲ್ಲಿ ನಿಮ್ಮದೇ ಪಾಲಿಸಿ ಬೆಳೆಯುತ್ತಿರಲಿ.

ಅಮೆರಿಕದಿಂದ ಬಂದವರ ಮೆಡಿಕೇರ್

ಹತ್ತು ವರ್ಷ ಅಲ್ಲಿ ತೆರಿಗೆ ಕಟ್ಟಿ ದುಡಿದವರಿಗೆ ಮೆಡಿಕೇರ್‌ನ ಪಾರ್ಟ್ ಎ (ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿನ ಭಾಗ) ಪ್ರೀಮಿಯಂ ಇಲ್ಲದೆ ಸಿಗುತ್ತದೆ. ಅದನ್ನು ಇಟ್ಟುಕೊಳ್ಳಿ. ಪ್ರಶ್ನೆ ಇರುವುದು ಡಾಕ್ಟರ್ ಫೀಸು, ಹೊರರೋಗಿ ಖರ್ಚು ನೋಡಿಕೊಳ್ಳುವ ಪಾರ್ಟ್ ಬಿಯದ್ದು. 2025ರಲ್ಲಿ ಅದರ ಪ್ರೀಮಿಯಂ ತಿಂಗಳಿಗೆ 185 ಡಾಲರ್ ಇತ್ತು, ಅಂದರೆ ಒಬ್ಬರಿಗೆ ವರ್ಷಕ್ಕೆ 2,220 ಡಾಲರ್. ಇಲ್ಲಿ ಇರುವಷ್ಟು ಕಾಲ ಅದರಿಂದ ಉಪಯೋಗ ಇಲ್ಲ. ಬಿಟ್ಟುಬಿಟ್ಟು ಮುಂದೆ ವಾಪಸು ಹೋದರೆ, ಬಿಟ್ಟಿದ್ದ ಪ್ರತಿ ಪೂರ್ತಿ ವರ್ಷಕ್ಕೆ ಪ್ರೀಮಿಯಂ ಶೇ. 10 ಏರುತ್ತದೆ, ಅದು ಜೀವಮಾನ ಪೂರ್ತಿ. ಐದು ವರ್ಷ ಬಿಟ್ಟರೆ ಶೇ. 50. ಮತ್ತೆ ಸೇರಲು ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್‌ವರೆಗೆ ಮಾತ್ರ ಅವಕಾಶ.

ವರ್ಷದಲ್ಲಿ ಆರು ತಿಂಗಳು ಮಕ್ಕಳ ಮನೆಯಲ್ಲಿ ಇರುವವರು, ದೊಡ್ಡ ಕಾಯಿಲೆ ಬಂದರೆ ಅಲ್ಲಿಗೇ ಹೋಗಬೇಕೆಂದಿರುವವರು ಪಾರ್ಟ್ ಬಿ ಬಿಡಬೇಡಿ. ಇನ್ನು ಇಲ್ಲೇ ಅಂತ ಗಟ್ಟಿ ಮಾಡಿದವರು ಬಿಟ್ಟು, ಆ ದುಡ್ಡಿನಲ್ಲಿ ಇಲ್ಲಿ ಒಳ್ಳೆಯ ಪಾಲಿಸಿ ತಗೊಳ್ಳಬಹುದು. ನಿರ್ಧಾರ ಆಗಿಲ್ಲ ಅನ್ನುವವರು ಒಂದೆರಡು ವರ್ಷ ಕಟ್ಟುತ್ತಾ ನೋಡಿ, ಇಲ್ಲಿನ ಪಾಲಿಸಿಯ ಕಾಯುವ ಅವಧಿ ಮುಗಿಯುವ ತನಕ.

ಹಾಗಾದರೆ ಯಾರಿಗೆ ಯಾವುದು?

72 ವರ್ಷ, ಭಾರತದ ಪಾಸ್‌ಪೋರ್ಟ್, ಶುಗರ್ ಇದೆ, ಉಳಿತಾಯ ಅಷ್ಟಕ್ಕಷ್ಟೇ. ಇಂಥವರು ಮೊದಲು ವಯ ವಂದನ ಮಾಡಿಸಿ, ಆಸ್ಪತ್ರೆಯಲ್ಲಿ ವಿಚಾರಿಸಿ. ಹಳ್ಳಿಯಲ್ಲಿದ್ದರೆ ಯಶಸ್ವಿನಿಯನ್ನೂ ಕೇಳಿ. ಹೊಸದಾಗಿ ದುಬಾರಿ ಪಾಲಿಸಿ ತಗೊಳ್ಳಲು ಸಾಲ ಮಾಡುವುದು ಬೇಡ.

58 ವರ್ಷ, ಎಪಿಎಲ್, ಆರೋಗ್ಯ ಚೆನ್ನಾಗಿದೆ, ಮಂಗಳೂರಿನಲ್ಲಿ ಮನೆ. ಪಾಲಿಸಿ ತಗೊಳ್ಳಿ, ಇವತ್ತೇ. 5 ಲಕ್ಷದ ಮೂಲ ಪಾಲಿಸಿ, ಅದರ ಮೇಲೆ ವರ್ಷದ ಒಟ್ಟು ಬಿಲ್ಲು 5 ಲಕ್ಷ ದಾಟಿದರೆ ಆ ಮೇಲಿನದಕ್ಕೆ ಮಾತ್ರ ಕೊಡುವ ಸೂಪರ್ ಟಾಪ್-ಅಪ್. ಒಂದೇ ದೊಡ್ಡ ಪಾಲಿಸಿಗಿಂತ ಇದು ಸಾಮಾನ್ಯವಾಗಿ ಅಗ್ಗ. 70 ಆದ ದಿನ ವಯ ವಂದನವೂ ಸೇರಲಿ.

ಹೆಚ್ಚು ಯೋಚನೆ ಬೇಕಾದ್ದು ಇನ್ನೊಬ್ಬರಿಗೆ. 63 ವರ್ಷ, ಎಪಿಎಲ್, ಸ್ಟೆಂಟ್ ಹಾಕಿದೆ, ಎರಡು ಕಂಪನಿ ಬೇಡ ಅಂದಿವೆ. ಇಂಥವರು ಕೈಚೆಲ್ಲಬೇಡಿ. ಮೂರನೆಯ, ನಾಲ್ಕನೆಯ ಕಂಪನಿ ಕೇಳಿ. ಹೃದಯದ ಕಾಯಿಲೆ ಹೊರಗಿಟ್ಟು ಪಾಲಿಸಿ ಕೊಡುತ್ತೇವೆ ಅಂದರೂ ಒಪ್ಪಿಕೊಳ್ಳಿ, ಕ್ಯಾನ್ಸರ್‌ಗೋ ಬಿದ್ದು ಮೂಳೆ ಮುರಿದದ್ದಕ್ಕೋ ಅದು ಬೇಕಾಗುತ್ತದೆ. ಹೃದಯಕ್ಕೆ ಆರೋಗ್ಯ ಕರ್ನಾಟಕದ ಶೇ. 30, ಯಶಸ್ವಿನಿ, ಜಯದೇವದಂಥ ಆಸ್ಪತ್ರೆ, ಈ ಮೂರನ್ನು ಜೋಡಿಸಿ ಯೋಚಿಸಿ. ಕರಾವಳಿಯಲ್ಲಿ ಮಣಿಪಾಲ ಆರೋಗ್ಯ ಕಾರ್ಡ್ ಇದೆ. ಅದು ವಿಮೆ ಅಲ್ಲ, ಆದರೆ ಬಿಲ್ಲಿನಲ್ಲಿ ರಿಯಾಯಿತಿ ಸಿಗುತ್ತದೆ. ಇವೆಲ್ಲದರ ಜೊತೆ ನಾಲ್ಕೈದು ಲಕ್ಷ ಬ್ಯಾಂಕಿನಲ್ಲಿ ಎಫ್‌ಡಿ ಇಡಿ. ಮನೆ ರಿಪೇರಿಗೂ ಮದುವೆಗೂ ಅದನ್ನು ಮುಟ್ಟಬೇಡಿ. ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಇರಲಿ, ಇಬ್ಬರಲ್ಲಿ ಯಾರು ಬೇಕಾದರೂ ಮುರಿಸಬಹುದು ಅಂತ ಬ್ಯಾಂಕಿನಲ್ಲಿ ಬರೆಸಿಡಿ. ಒಬ್ಬರು ಐಸಿಯುನಲ್ಲಿದ್ದಾಗ ಇನ್ನೊಬ್ಬರು ಸಹಿಗಾಗಿ ಅಲೆಯುವಂತೆ ಆಗಬಾರದು.